ಪ್ರೋಗ್ರಾಂ ಬರೆಯಲು ಟ್ಯಾಗ್ ಬೇಕಾ?

ಗಂಗಾವತಿಯ ರೈಸ್ ಮಿಲ್‌ಗಳಿಗೆ ಸಾಫ್ಟ್‌ವೇರ್ ಬರೆದುಕೊಡುವುದು ನನ್ನ ಕೆಲಸ. ವೇಬ್ರಿಡ್ಜ್‌ನ ತೂಕ, ನೆಲ್ಲಿನ ತೇವಾಂಶ, ಹಮಾಲಿ, ದಲಾಲಿ, ಕೊನೆಗೆ ಅಕ್ಕಿ ಎಷ್ಟು, ನುಚ್ಚು ಎಷ್ಟು, ತೌಡು ಎಷ್ಟು ಅನ್ನುವ ಲೆಕ್ಕ. ಸಂಜೆ ಹೊತ್ತು ಕನ್ನಡ ಮೀಡಿಯಂನಲ್ಲಿ ಓದಿ ಡಿಪ್ಲೊಮಾಕ್ಕೆ ಸೇರಿದ ಹುಡುಗ ಹುಡುಗಿಯರು ಬರುತ್ತಾರೆ. ಅವರಿಗೆ ಪ್ರೋಗ್ರಾಮಿಂಗ್ ಹೇಳಿಕೊಡುತ್ತೇನೆ. ಈ ಎರಡೂ ಕೆಲಸದಲ್ಲಿ ಒಂದು ಪ್ರಶ್ನೆ ಮತ್ತೆ ಮತ್ತೆ ಎದುರಾಗುತ್ತದೆ. ಸೋರ್ಸ್ ಕೋಡ್, ಅಂದರೆ ಪ್ರೋಗ್ರಾಮರ್ ಬರೆಯುವ ಮೂಲ ಪಠ್ಯ, ಬರೀ ಅಕ್ಷರಗಳ ಸಾಲಾಗಿಯೇ ಇರಬೇಕಾ? ಎಚ್‌ಟಿಎಂಎಲ್, ಎಕ್ಸ್‌ಎಂಎಲ್, ಮಾರ್ಕ್‌ಡೌನ್ ಥರದ ಮಾರ್ಕಪ್ ರೂಪದಲ್ಲಿ, ಅಂದರೆ ಯಾವ ಭಾಗ ಏನು ಅಂತ ಪಠ್ಯದ ನಡುವೆಯೇ ಟ್ಯಾಗ್ ಅಥವಾ ಗುರುತು ಹಾಕಿ, ಇಟ್ಟರೆ ಲಾಭ ಇದೆಯಾ?

ಕೇಳಿದ ತಕ್ಷಣ 'ಇದೆಯಲ್ಲ' ಅನ್ನಿಸುತ್ತದೆ. ಕೋಡ್‌ಗೆ ಒಂದು ರಚನೆ ಇದೆ. ಫೈಲ್ ಒಳಗೆ ಫಂಕ್ಷನ್, ಫಂಕ್ಷನ್ ಒಳಗೆ ಷರತ್ತು, ಷರತ್ತಿನ ಒಳಗೆ ಲೆಕ್ಕ. ಎಕ್ಸ್‌ಎಂಎಲ್ ಇರುವುದೇ ಒಂದರೊಳಗೊಂದು ಕೂತ ವಿಷಯವನ್ನು ಬರೆದಿಡಲು. ಅದನ್ನು ಓದಿ ರಚನೆ ಬಿಡಿಸಿಕೊಡುವ ಪಾರ್ಸರ್ ಅನ್ನುವ ಸಾಧನ ಬಹುತೇಕ ಎಲ್ಲ ಪ್ರೋಗ್ರಾಮಿಂಗ್ ಭಾಷೆಯಲ್ಲೂ ಸಿದ್ಧ ಇದೆ. ಹುಡುಕಲು ಎಕ್ಸ್‌ಪಾತ್ ಇದೆ. 'ಇಪ್ಪತ್ತು ಸಾಲಿಗಿಂತ ಉದ್ದದ ಫಂಕ್ಷನ್ ಎಲ್ಲಿವೆ ತೋರಿಸು' ಅಂದರೆ ತೋರಿಸುತ್ತದೆ. ಬರೀ ಅಕ್ಷರಗಳನ್ನು ಹುಡುಕುವ ಗ್ರೆಪ್‌ಗೆ ಆ ಪ್ರಶ್ನೆಯೇ ಅರ್ಥವಾಗುವುದಿಲ್ಲ. ಜೊತೆಗೆ ವಿವರಣೆಯಲ್ಲಿ ದಪ್ಪ ಅಕ್ಷರ, ಚಿತ್ರ, ಕೋಷ್ಟಕ, ಗಣಿತದ ಸೂತ್ರ ಎಲ್ಲವನ್ನೂ ಇಡಬಹುದು. ಇಷ್ಟೆಲ್ಲ ಸೌಲಭ್ಯ ಬಿಟ್ಟು ಜಗತ್ತಿನ ಬಹುತೇಕ ಪ್ರೋಗ್ರಾಮರ್‌ಗಳು ಇನ್ನೂ ಸಾದಾ ಪಠ್ಯದಲ್ಲೇ ಯಾಕೆ ಬರೆಯುತ್ತಾರೆ? ಹಳೇ ಚಾಳಿ ಅಂತ ಸುಮ್ನೆ ತಳ್ಳಿಹಾಕುವ ವಿಷಯ ಅಲ್ಲ ಇದು.

ಎಕ್ಸ್‌ಎಂಎಲ್ 1.0ರ ಅಧಿಕೃತ ರೂಪ ಬಂದಿದ್ದು 1998ರ ಫೆಬ್ರುವರಿಯಲ್ಲಿ. ಅದರ ಹಿಂದೆ 1986ರ ಎಸ್‌ಜಿಎಂಎಲ್ ಇತ್ತು, ಅದಕ್ಕೂ ಹಿಂದೆ ಐಬಿಎಂನಲ್ಲಿ 1969ರ ಸುಮಾರಿಗೆ ಹುಟ್ಟಿದ ಜಿಎಂಎಲ್. ಈ ಮೂರೂ ಹುಟ್ಟಿದ್ದು ದಾಖಲೆಗಳಿಗಾಗಿ. ಕಾನೂನು ಪತ್ರ, ಕೈಪಿಡಿ, ಪುಸ್ತಕ. ಅಲ್ಲಿ ಪಠ್ಯವೇ ಮುಖ್ಯ, ಟ್ಯಾಗ್ ಅಲ್ಲಲ್ಲಿ ಬರುವ ಗುರುತು. ಆದರೆ 1998ರ ನಂತರದ ಕೆಲವು ವರ್ಷ ಎಕ್ಸ್‌ಎಂಎಲ್ ಮೇಲೆ ಎಂಥ ಭರವಸೆ ಇತ್ತೆಂದರೆ, ಪ್ರೋಗ್ರಾಂಗಳನ್ನೂ ಅದರಲ್ಲೇ ಬರೆಯೋಣ ಅಂತ ಹೊರಟವರು ಅನೇಕರು.

ಆ್ಯಂಟ್ ನೆನಪಾಗುತ್ತದೆ. ಜಾವಾ ಭಾಷೆಯ ಕೋಡನ್ನು ಕಂಪೈಲ್ ಮಾಡಿ (ಯಂತ್ರ ನಡೆಸುವ ರೂಪಕ್ಕೆ ತಂದು), ಕಟ್ಟಿ, ಪ್ಯಾಕ್ ಮಾಡುವ ಸಾಧನ. ಜೇಮ್ಸ್ ಡಂಕನ್ ಡೇವಿಡ್ಸನ್ ಬರೆದದ್ದು, 2000ದಲ್ಲಿ ಪ್ರತ್ಯೇಕವಾಗಿ ಬಿಡುಗಡೆ ಆಯಿತು. ಮಾಡಬೇಕಾದ ಕೆಲಸಗಳ ಪಟ್ಟಿಯನ್ನು ಎಕ್ಸ್‌ಎಂಎಲ್ ಫೈಲಲ್ಲಿ ಬರೆಯಬೇಕು. ಪಾರ್ಸರ್ ಸಿದ್ಧ ಇದ್ದಿದ್ದರಿಂದ ಹೊಸ ಭಾಷೆಯ ವ್ಯಾಕರಣ ಬರೆಯುವ ತಾಪತ್ರಯ ತಪ್ಪಿತು. ಪಟ್ಟಿ ಪಟ್ಟಿಯಾಗಿದ್ದಷ್ಟು ದಿನ ಅದು ಚೆನ್ನಾಗಿಯೇ ನಡೆಯಿತು. ಆಮೇಲೆ ಜನರಿಗೆ 'ಹೀಗಿದ್ದರೆ ಇದು ಮಾಡು, ಇಲ್ಲದಿದ್ದರೆ ಅದು ಮಾಡು' ಅನ್ನುವುದು ಬೇಕಾಯಿತು. 'ಇಷ್ಟು ಫೋಲ್ಡರ್‌ಗೆ ಇದನ್ನೇ ತಿರುಗಿ ಮಾಡು' ಅನ್ನುವುದು ಬೇಕಾಯಿತು. ಹೊರಗಿನವರು ಷರತ್ತಿಗೊಂದು ಟ್ಯಾಗ್, ಲೂಪ್‌ಗೊಂದು ಟ್ಯಾಗ್ ಸೇರಿಸಿದರು. ಪಟ್ಟಿ ನಿಧಾನಕ್ಕೆ ಪ್ರೋಗ್ರಾಂ ಆಯಿತು, ಆದರೆ ಪ್ರೋಗ್ರಾಂ ಬರೆಯುವ ಅನುಕೂಲ ಯಾವುದೂ ಅದಕ್ಕೆ ಇರಲಿಲ್ಲ. ಈಗ ಗೊತ್ತಿರುವುದು ಆಗ ಗೊತ್ತಿದ್ದರೆ ನಿಜವಾದ ಸ್ಕ್ರಿಪ್ಟಿಂಗ್ ಭಾಷೆಯನ್ನೇ ಬಳಸುತ್ತಿದ್ದೆ ಎಂಬ ಅರ್ಥದಲ್ಲಿ ಡೇವಿಡ್ಸನ್ ಅವರೇ ಮುಂದೆ ಬರೆದರು. ಅವರ ಬಗ್ಗೆ ನನಗೆ ಗೌರವ ಹೆಚ್ಚಿದ್ದು ಆ ಮಾತಿನಿಂದ.

ಇದೇ ಕತೆ ಬೇರೆ ಬಟ್ಟೆ ತೊಟ್ಟು ಇವತ್ತೂ ನಡೆಯುತ್ತಿದೆ. ಎಕ್ಸ್‌ಎಂಎಲ್ ಜಾಗಕ್ಕೆ ಯಾಮಲ್ ಅನ್ನುವ, ಟ್ಯಾಗ್ ಇಲ್ಲದ ಇನ್ನೊಂದು ರೂಪ ಬಂದಿದೆ, ಅಷ್ಟೇ. ಆನ್ಸಿಬಲ್ ಅನ್ನುವ ಸಾಧನದಲ್ಲಿ ಸರ್ವರ್ ಸಜ್ಜು ಮಾಡುವ ಪಟ್ಟಿ ಬರೆಯುತ್ತೇವೆ, ಸ್ವಲ್ಪ ದಿನಕ್ಕೆ ಅದರಲ್ಲೇ ಷರತ್ತು, ಅದರಲ್ಲೇ ಲೂಪ್. ಸಾದಾ ಸೆಟ್ಟಿಂಗ್ಸ್ ಫೈಲ್ ಅಂತ ಶುರುವಾದದ್ದರೊಳಗೆ ಲಾಜಿಕ್ ನುಸುಳುವುದನ್ನು ನೋಡಿದರೆ ನನಗೆ ಈಗ ಸ್ವಲ್ಪ ಎಚ್ಚರ ಮೂಡುತ್ತದೆ.

ತೊಂದರೆ ಏನು ಅಂತ ಹತ್ತಿರದಿಂದ ತೋರಿಸುತ್ತೇನೆ. ಸರ್ಕಾರಿ ಖರೀದಿಯಲ್ಲಿ ಭತ್ತದ ತೇವಾಂಶ 17 ಶೇಕಡಾ ಮೀರಬಾರದು. ಹೆಚ್ಚಿದ್ದರೆ ತೂಕದಲ್ಲಿ ಕಡಿತ ಹಾಕುವ ಒಂದು ಮಿಲ್ ಲೆಕ್ಕ ಅಂದುಕೊಳ್ಳಿ. ಸಾದಾ ಕೋಡ್‌ನಲ್ಲಿ ಅದು ಹೀಗಿರುತ್ತದೆ:

ತೇವ > 17 ಆದರೆ: ಕಡಿತ = ತೂಕ * (ತೇವ - 17) / 100

ಒಂದೇ ಸಾಲು. ಲೆಕ್ಕ ಗೊತ್ತಿರುವ ಮಿಲ್‌ನ ಗುಮಾಸ್ತರಿಗೂ ಇದು ಓದಲು ಬರುತ್ತದೆ. ಈಗ ಇದರ ರಚನೆಯನ್ನು ಟ್ಯಾಗ್‌ನಲ್ಲಿ ಬರೆದರೆ:

<ಆದರೆ>
<ಹೆಚ್ಚು><ಹೆಸರು>ತೇವ</ಹೆಸರು><ಸಂಖ್ಯೆ>17</ಸಂಖ್ಯೆ></ಹೆಚ್ಚು>
<ಇಡು>
<ಹೆಸರು>ಕಡಿತ</ಹೆಸರು>
<ಭಾಗಿಸು>
<ಗುಣಿಸು>
<ಹೆಸರು>ತೂಕ</ಹೆಸರು>
<ಕಳೆ><ಹೆಸರು>ತೇವ</ಹೆಸರು><ಸಂಖ್ಯೆ>17</ಸಂಖ್ಯೆ></ಕಳೆ>
</ಗುಣಿಸು>
<ಸಂಖ್ಯೆ>100</ಸಂಖ್ಯೆ>
</ಭಾಗಿಸು>
</ಇಡು>
</ಆದರೆ>

ಟ್ಯಾಗ್‌ಗಳು ಕನ್ನಡದಲ್ಲೇ ಇವೆ, ಎಕ್ಸ್‌ಎಂಎಲ್ ಮೊದಲ ದಿನದಿಂದಲೇ ಅದಕ್ಕೆ ಅವಕಾಶ ಕೊಟ್ಟಿದೆ. ಆದರೂ ಕಣ್ಣು ಲೆಕ್ಕವನ್ನು ಹಿಡಿಯುವುದಿಲ್ಲ. ಒಂದು ಸಾಲಲ್ಲಿದ್ದ ಅರ್ಥ ಹದಿಮೂರು ಸಾಲಿಗೆ ಹರಡಿದೆ.

ಎಕ್ಸ್‌ಎಂಎಲ್ ರೂಪಿಸಿದ ಜನರಿಗೇ ಇದು ಗೊತ್ತಿತ್ತು. 1999ರಲ್ಲಿ ಬಂದ ಎಕ್ಸ್‌ಎಸ್‌ಎಲ್‌ಟಿ ನೋಡಿ. ಒಂದು ಎಕ್ಸ್‌ಎಂಎಲ್ ದಾಖಲೆಯನ್ನು ಇನ್ನೊಂದಾಗಿ ಬದಲಿಸುವ ಭಾಷೆ, ಅದೂ ಎಕ್ಸ್‌ಎಂಎಲ್‌ನಲ್ಲೇ ಬರೆಯುವಂಥದ್ದು. ಆದರೆ ಅದರಲ್ಲೂ ಕೂಡುವ ಕಳೆಯುವ ಲೆಕ್ಕ, ಹುಡುಕುವ ಷರತ್ತು ಟ್ಯಾಗ್‌ನಲ್ಲಿಲ್ಲ. ಅವು ಎಕ್ಸ್‌ಪಾತ್ ಅನ್ನುವ ಬೇರೆ ಚಿಕ್ಕ ಭಾಷೆಯಲ್ಲಿ, ಆ್ಯಟ್ರಿಬ್ಯೂಟ್ ಒಳಗೆ (ತೆರೆಯುವ ಟ್ಯಾಗ್‌ನಲ್ಲೇ ಕೋಟ್ ಹಾಕಿ ಬರೆಯುವ ಜಾಗ ಅದು), ಸಾದಾ ಪಠ್ಯವಾಗಿ ಕೂತಿವೆ. ಎಕ್ಸ್‌ಎಸ್‌ಎಲ್‌ಟಿಯ ಸಂಪಾದಕರಾಗಿದ್ದ ಜೇಮ್ಸ್ ಕ್ಲಾರ್ಕ್ ಆಮೇಲೆ ರಿಲ್ಯಾಕ್ಸ್ ಎನ್‌ಜಿ ಅನ್ನುವ ಸ್ಕೀಮಾ ಭಾಷೆಯ (ಎಕ್ಸ್‌ಎಂಎಲ್ ಫೈಲಿನಲ್ಲಿ ಏನೇನು ಇರಬಹುದು ಅಂತ ಹೇಳುವ ಭಾಷೆ) ಕೆಲಸದಲ್ಲಿ ಕೈ ಜೋಡಿಸಿದರು. ಅದಕ್ಕೆ ಎರಡು ರೂಪ. ಒಂದು ಎಕ್ಸ್‌ಎಂಎಲ್, ಇನ್ನೊಂದು ಮನುಷ್ಯರು ಕೈಯಲ್ಲಿ ಬರೆಯಲೆಂದೇ ಮಾಡಿದ ಚಿಕ್ಕ ರೂಪ. ಎರಡೂ ಹೇಳುವುದು ಒಂದನ್ನೇ, ಒಂದರಿಂದ ಇನ್ನೊಂದಕ್ಕೆ ಹೋಗಿ ಬರಬಹುದು. ಬರೆಯುವವರು ಯಾರು ಅನ್ನುವುದನ್ನು ಮೊದಲು ಕೇಳಿದ್ದರಿಂದಲೇ ಆ ಎರಡನೆಯ ರೂಪ ಹುಟ್ಟಿತು ಅನ್ನುವುದು ನನ್ನ ತಿಳುವಳಿಕೆ.

ಉದ್ದ ಒಂದೇ ತೊಂದರೆ ಆಗಿದ್ದರೆ ಒಳ್ಳೆ ಎಡಿಟರ್ (ಕೋಡ್ ಬರೆಯುವ ಸಾಫ್ಟ್‌ವೇರ್) ಇಟ್ಟುಕೊಂಡು ಸುಧಾರಿಸಬಹುದಿತ್ತು. ಸಣ್ಣ ಸಣ್ಣ ಘರ್ಷಣೆಗಳು ಜಾಸ್ತಿ ಕಾಡುತ್ತವೆ. ಕೋಡ್‌ನಲ್ಲಿ ದಿನಬೆಳಗಾದರೆ ಬೇಕಾಗುವ ಚಿಹ್ನೆಗಳೇ ಎಕ್ಸ್‌ಎಂಎಲ್‌ಗೂ ಬೇಕು. 'ಕಡಿಮೆ' ಅನ್ನುವ < ಚಿಹ್ನೆ ಅಲ್ಲಿ ಟ್ಯಾಗ್‌ನ ಆರಂಭ. 'ಮತ್ತು' ಅನ್ನುವ && ಬರೆದರೆ ಫೈಲ್ ಓದುವುದೇ ಇಲ್ಲ. ಒಂದೊಂದನ್ನೂ & ಇಟ್ಟು, ಇಂಗ್ಲಿಷಿನ ಎರಡು ಮೂರು ಅಕ್ಷರ ಹಾಕಿ, ಸೆಮಿಕೋಲನ್‌ನಿಂದ ಮುಗಿಸಿ ಬಿಡಿಸಿ ಬರೆಯಬೇಕು. ಲೆಕ್ಕದ ಡೇಟಾದಲ್ಲಿ ಇದರ ರುಚಿ ನಮ್ಮ ಕಡೆ ಎಲ್ಲರೂ ನೋಡಿರುತ್ತಾರೆ. ಟ್ಯಾಲಿಗೆ ವೋಚರ್‌ಗಳನ್ನು ಎಕ್ಸ್‌ಎಂಎಲ್ ಆಗಿ ಕಳಿಸಬಹುದು, ತುಂಬ ಉಪಯೋಗದ ಸೌಲಭ್ಯ. ಆದರೆ ಗಂಗಾವತಿ, ಸಿಂಧನೂರು, ಸಿರುಗುಪ್ಪದ ಅರ್ಧದಷ್ಟು ಪಾರ್ಟಿಗಳ ಹೆಸರು '& ಸನ್ಸ್', '& ಕಂಪನಿ' ಅಂತಲೇ ಮುಗಿಯುತ್ತದೇನೋ ಅನ್ನಿಸುತ್ತದೆ. ಆ ಒಂದು ಚಿಹ್ನೆ ಬಿಡಿಸದೇ ಹೋದರೆ ಇಡೀ ಫೈಲ್ ತಿರಸ್ಕಾರ. ಡೇಟಾದಲ್ಲಿ ಇದನ್ನು ಪ್ರೋಗ್ರಾಂ ನೋಡಿಕೊಳ್ಳುತ್ತದೆ, ಒಂದು ಸಲ ಬರೆದರೆ ಮುಗಿಯಿತು. ಕೋಡ್‌ನಲ್ಲಿ ಅದನ್ನು ಮಾಡಬೇಕಾದದ್ದು ಮನುಷ್ಯನ ಬೆರಳು.

ಬಿಡಿಸಿ ಬರೆಯುವುದು ಬೇಡ ಅಂದವರಿಗೆ ಸಿಡೇಟಾ ಅನ್ನುವ ಹೊದಿಕೆ ಇದೆ. ಅದರೊಳಗೆ ಏನು ಬೇಕಾದರೂ ಬರೆಯಬಹುದು, ]]> ಅನ್ನುವ ಮೂರು ಚಿಹ್ನೆ ಬರುವತನಕ. ಅವು ಬಂದಲ್ಲಿಗೆ ಹೊದಿಕೆ ಮುಗಿಯಿತು. ಈ ಮೂರು ಚಿಹ್ನೆ ಕೋಡ್‌ನಲ್ಲಿ ಎಲ್ಲಿ ಬರುತ್ತವೆ ಅಂತೀರಾ? ದರ[ತಳಿ[0]]>ಮಿತಿ. ಒಂದು ಪಟ್ಟಿಯಿಂದ ತಳಿ ತೆಗೆದು, ಇನ್ನೊಂದು ಪಟ್ಟಿಯಿಂದ ಅದರ ದರ ತೆಗೆದು, ಮಿತಿಯ ಜೊತೆ ಹೋಲಿಸುವ, ಯಾರೂ ಎರಡನೇ ಸಲ ನೋಡದಂಥ ಸಾದಾ ಸಾಲು. ಕಾಮೆಂಟ್, ಅಂದರೆ ಯಂತ್ರ ಲೆಕ್ಕಿಸದೆ ಬಿಡುವ ಟಿಪ್ಪಣಿ, ಅದರ ಕತೆಯೂ ಹೀಗೇ. ಎಕ್ಸ್‌ಎಂಎಲ್ ಕಾಮೆಂಟ್ ಒಳಗೆ ಎರಡು ಹೈಫನ್ ಒಟ್ಟಿಗೆ ಬರುವಂತಿಲ್ಲ. ಕಾಮೆಂಟ್‌ನೊಳಗೆ ಕಾಮೆಂಟ್ ಇರುವಂತಿಲ್ಲ. ಹಾಗಾಗಿ, ಒಳಗೆ ಈಗಾಗಲೇ ಒಂದು ಟಿಪ್ಪಣಿ ಇರುವ ಭಾಗವನ್ನು ಪರೀಕ್ಷೆಗೆ ಅಂತ ತಾತ್ಕಾಲಿಕವಾಗಿ ಮುಚ್ಚಿಡಲು ಆಗುವುದಿಲ್ಲ. ದಿನಕ್ಕೆ ಹತ್ತಾರು ಸಲ ಮಾಡುವ ಕೆಲಸ ಅದು! ಆ್ಯಟ್ರಿಬ್ಯೂಟ್ ಒಳಗಿನ ಹೊಸ ಸಾಲನ್ನು ಎಕ್ಸ್‌ಎಂಎಲ್ ಪಾರ್ಸರ್ ಸ್ಪೇಸ್ ಆಗಿ ಬದಲಿಸುತ್ತದೆ. ಅಲ್ಲಿ ಜಾವಾಸ್ಕ್ರಿಪ್ಟ್ ಬರೆದು, ನಡುವೆ // ಹಾಕಿ (ಅಲ್ಲಿಂದ ಆ ಸಾಲಿನ ಕೊನೆಯವರೆಗೆ ಟಿಪ್ಪಣಿ ಅಂತ ಅರ್ಥ) ಒಂದು ಟಿಪ್ಪಣಿ ಬರೆದರೆ ಅದರ ಮುಂದಿನ ಎಲ್ಲ ಕೋಡ್ ಟಿಪ್ಪಣಿಯೇ ಆಗಿಬಿಡುತ್ತದೆ.

ಇನ್ನೊಂದು ಕಷ್ಟ ಇವೆಲ್ಲಕ್ಕಿಂತ ಆಳದ್ದು. ಎಕ್ಸ್‌ಎಂಎಲ್ ಯಾವಾಗಲೂ ಪೂರ್ತಿ ಸರಿ ಇರಬೇಕು. ತೆರೆದ ಟ್ಯಾಗ್ ಎಲ್ಲ ಮುಚ್ಚಿರಬೇಕು. ಆದರೆ ಬರೆಯುತ್ತಿರುವ ಕೋಡ್ ಬಾಯಿ ಹೊಲಿಯದ ಚೀಲ. ದಿನದ ಬಹುಪಾಲು ಹೊತ್ತು ಅದು ಅರ್ಧಂಬರ್ಧ ಸ್ಥಿತಿಯಲ್ಲೇ ಇರುತ್ತದೆ. ಒಂದು ಬ್ರಾಕೆಟ್ ಬಾಕಿ, ಒಂದು ಹೆಸರು ಅರ್ಧ, ಕೆಳಗಿನ ಫಂಕ್ಷನ್ ಇನ್ನೂ ಬರೆದಿಲ್ಲ. ಸಾದಾ ಪಠ್ಯ ಇದನ್ನೆಲ್ಲ ಸಹಿಸಿಕೊಳ್ಳುತ್ತದೆ, ಸೇವ್ ಮಾಡು ಅಂದರೆ ಮಾಡುತ್ತದೆ. ಬದಲಾವಣೆಗಳನ್ನು ಹೋಲಿಸುವ ಸಾಧನಗಳೂ ಸಾಲನ್ನೇ ನಂಬಿ ಬೆಳೆದಿವೆ. ಯುನಿಕ್ಸ್‌ನ ಡಿಫ್ 1974ರಿಂದ ಸಾಲು ಸಾಲು ಹೋಲಿಸುತ್ತಾ ಬಂದಿದೆ, 2005ರಲ್ಲಿ ಬಂದ ಗಿಟ್ ಕೂಡ ನಮಗೆ ತೋರಿಸುವುದು ಸಾಲುಗಳನ್ನೇ. ಒಂದು ಹೊಸ ಟ್ಯಾಗ್ ಹೊದಿಸಿ ಒಳಗಿನದ್ದನ್ನೆಲ್ಲ ಎರಡು ಸ್ಪೇಸ್ ಸರಿಸಿದರೆ ಸಾಕು, ಡಿಫ್ ನೂರು ಸಾಲು ಬದಲಾಗಿದೆ ಅನ್ನುತ್ತದೆ.

ಇಷ್ಟು ಹೇಳಿದ ಮೇಲೂ ಒಬ್ಬರು ವಾದಿಸಬಹುದು. ಮನುಷ್ಯ ಅದನ್ನು ನೋಡುವುದೇ ಬೇಡ, ಎಡಿಟರ್ ಚೆಂದವಾಗಿ ತೋರಿಸಲಿ, ಒಳಗೆ ಮಾತ್ರ ಎಕ್ಸ್‌ಎಂಎಲ್ ಇರಲಿ ಅಂತ. ಬ್ಲಾಕ್ಲಿ ಮಾಡುವುದು ಅದನ್ನೇ ಅಲ್ವಾ? ಮಕ್ಕಳು ಬಣ್ಣದ ತುಂಡುಗಳನ್ನು ಜೋಡಿಸುತ್ತಾರೆ, ಬಹುಕಾಲ ಅದು ಒಳಗೆ ಎಕ್ಸ್‌ಎಂಎಲ್ ಆಗಿಯೇ ಉಳಿಯುತ್ತಿತ್ತು. ಒಳ್ಳೆಯ ವಾದ. ಇದನ್ನು ಯೋಚಿಸುತ್ತಾ ಹೋದಾಗಲೇ ನನಗೆ ಮುಖ್ಯ ಅನ್ನಿಸುವ ವಿಷಯ ಸಿಕ್ಕಿದ್ದು.

ಟ್ಯಾಗ್ ಏನು ಹೇಳುತ್ತದೆ? ಯಾವುದು ಯಾವುದರ ಒಳಗಿದೆ ಅನ್ನುವುದನ್ನು. ಆದರೆ ಅದು ಕಂಪೈಲರ್‌ಗೆ ಕೋಡ್ ಓದಿದ ಕೂಡಲೇ ಗೊತ್ತಾಗುತ್ತದೆ. ಬ್ರಾಕೆಟ್, ಸ್ಪೇಸ್, ಚಿಹ್ನೆಗಳೇ ಅದನ್ನು ಹೇಳುತ್ತವೆ. ಪ್ರೋಗ್ರಾಂನಲ್ಲಿ ಕಷ್ಟದ ವಿಷಯ ಬೇರೆ. ಇಲ್ಲಿ ಬಳಸಿದ 'ದರ' ಅಂದರೆ ಎಲ್ಲಿ ಹುಟ್ಟಿದ ದರ? ಅದನ್ನು ಇನ್ನೆಲ್ಲಿ ಬದಲಿಸಿದ್ದಾರೆ? ಈ ಫಂಕ್ಷನ್ ತೆಗೆದರೆ ಯಾರ ಕೆಲಸ ನಿಲ್ಲುತ್ತದೆ? ಇವು ಒಂದರೊಳಗೊಂದು ಕೂತ ಸಂಬಂಧಗಳಲ್ಲ. ಒಂದು ಫೈಲಿನ ಮೂಲೆಯಿಂದ ಇನ್ನೊಂದು ಫೈಲಿನ ನಡುವಿಗೆ ಅಡ್ಡಡ್ಡ ಹಾಯುವ ಎಳೆಗಳು. ಮಾರ್ಕಪ್‌ನ ಮರದ ಆಕಾರಕ್ಕೆ ಅವು ಸಿಗುವುದಿಲ್ಲ. ಗುರುತಿನ ಸಂಖ್ಯೆ ಕೊಟ್ಟು ಕೊಂಡಿ ಹಾಕಬಹುದು, ಆದರೆ ಆ ಕೊಂಡಿ ಸರಿಯಿದೆಯಾ ಅಂತ ನೋಡಲು ಭಾಷೆಯ ನಿಯಮ ಗೊತ್ತಿರುವ ಪ್ರೋಗ್ರಾಮೇ ಬೇಕು. ಅಂದರೆ ಟ್ಯಾಗ್‌ಗಳು ಸುಲಭದ ಅರ್ಧವನ್ನು ದುಬಾರಿಯಾಗಿ ಬರೆದಿಡುತ್ತವೆ, ಕಷ್ಟದ ಅರ್ಧವನ್ನು ಹಾಗೇ ಬಿಡುತ್ತವೆ.

ಎಕ್ಸ್‌ಎಂಎಲ್ ಪರ ಇದ್ದವರು ಕನಸು ಕಂಡ ಸೌಲಭ್ಯಗಳು ಕೊನೆಗೆ ಬಂದಿದ್ದು ಬೇರೆ ದಾರಿಯಿಂದ. 2016ರಲ್ಲಿ ಮೈಕ್ರೋಸಾಫ್ಟ್ ಲ್ಯಾಂಗ್ವೇಜ್ ಸರ್ವರ್ ಪ್ರೊಟೊಕಾಲ್ ಪ್ರಕಟಿಸಿತು. ಎಡಿಟರ್ ಒಂದು ಕಡೆ, ಭಾಷೆ ಬಲ್ಲ ಸರ್ವರ್ ಇನ್ನೊಂದು ಕಡೆ. ಹೆಸರು ಎಲ್ಲಿ ಹುಟ್ಟಿತು, ಎಲ್ಲೆಲ್ಲಿ ಬಳಕೆಯಾಗಿದೆ, ಎಲ್ಲ ಕಡೆ ಒಟ್ಟಿಗೆ ಬದಲಿಸು, ಎಲ್ಲವೂ ಸಾದಾ ಪಠ್ಯದ ಮೇಲೆ. ಟ್ರೀ-ಸಿಟ್ಟರ್ ಅನ್ನುವ ಪಾರ್ಸರ್ ಸಾಧನ ಅರ್ಧ ಬರೆದ ಕೋಡ್‌ನಿಂದಲೂ ರಚನೆ ತೆಗೆದುಕೊಡುತ್ತದೆ. ಬಣ್ಣವೂ ಫೈಲಿನಲ್ಲಿ ಇರುವುದಿಲ್ಲ, ಎಡಿಟರ್ ಆಯಾ ಕ್ಷಣಕ್ಕೆ ಲೆಕ್ಕ ಹಾಕಿ ಬಳಿಯುತ್ತದೆ. ಬಣ್ಣವನ್ನೇ ಅರ್ಥವಾಗಿಸಿದ ಭಾಷೆಯೂ ಇದೆ. ಚಕ್ ಮೂರ್ ಅವರ ಕಲರ್‌ಫೋರ್ತ್‌ನಲ್ಲಿ ಕೆಂಪು ಪದ ಹೊಸ ವ್ಯಾಖ್ಯೆ, ಹಸಿರು ಕಂಪೈಲ್ ಆಗಬೇಕಾದ್ದು, ಹಳದಿ ಆಗಲೇ ನಡೆಸಬೇಕಾದ್ದು. ಚೆಂದದ ಪ್ರಯೋಗ. ಆದರೆ ಬಣ್ಣ ಗುರುತಿಸಲು ಕಷ್ಟಪಡುವ ವಿದ್ಯಾರ್ಥಿ ಎದುರು ಕೂತಾಗ ಅದರ ಮಿತಿ ಗೊತ್ತಾಗುತ್ತದೆ.

ಎಕ್ಸ್‌ಎಂಎಲ್ ಕೋಡ್‌ಗೆ ಬೇಡವೇ ಬೇಡ ಅನ್ನುತ್ತಿಲ್ಲ ನಾನು. ಎಸ್‌ಆರ್‌ಸಿಎಂಎಲ್ ಅನ್ನುವ ಸಾಧನ ಸಿ, ಸಿ ಪ್ಲಸ್ ಪ್ಲಸ್, ಜಾವಾ ಕೋಡನ್ನು ಎಕ್ಸ್‌ಎಂಎಲ್ ಆಗಿ ಬದಲಿಸುತ್ತದೆ. ಒಂದು ಸ್ಪೇಸ್, ಒಂದು ಕಾಮೆಂಟ್ ಕೂಡ ಕಳೆಯದೆ. ಟ್ಯಾಗ್ ಎಲ್ಲ ತೆಗೆದರೆ ಮೂಲ ಫೈಲ್ ಅಕ್ಷರಶಃ ವಾಪಸ್ ಸಿಗುತ್ತದೆ. ದೊಡ್ಡ ಹಳೇ ಕೋಡನ್ನು ಪರಿಶೀಲಿಸಲು, ಒಂದೇ ಥರದ ಬದಲಾವಣೆಯನ್ನು ಸಾವಿರ ಕಡೆ ಮಾಡಲು ಇದು ಬಲವಾದ ದಾರಿ. ಇಲ್ಲಿ ಎಕ್ಸ್‌ಎಂಎಲ್ ಕೆಲಸದ ನಡುವಿನ ರೂಪ, ಬರೆಯುವ ರೂಪ ಅಲ್ಲ. ಆ ಜಾಗ ಅದಕ್ಕೆ ಸರಿಯಾಗಿ ಹೊಂದುತ್ತದೆ.

ಲಿಸ್ಪ್ ಅನ್ನುವ ಪ್ರೋಗ್ರಾಮಿಂಗ್ ಭಾಷೆ ಮಾತ್ರ ಈ ಮಾತಿಗೆ ಸುಲಭವಾಗಿ ಬಗ್ಗುವುದಿಲ್ಲ. 1960ರ ಪ್ರಬಂಧದಲ್ಲಿ ಅದನ್ನು ರೂಪಿಸಿದ ಜಾನ್ ಮೆಕಾರ್ಥಿ ಎರಡು ರೂಪ ಬಳಸಿದ್ದರು. ಮನುಷ್ಯರಿಗೆ ಎಂ-ಎಕ್ಸ್‌ಪ್ರೆಶನ್, ಯಂತ್ರಕ್ಕೆ ಬ್ರಾಕೆಟ್‌ಗಳ ಎಸ್-ಎಕ್ಸ್‌ಪ್ರೆಶನ್. ಪ್ರೋಗ್ರಾಮರ್‌ಗಳು ಯಂತ್ರದ ರೂಪವನ್ನೇ ಆರಿಸಿಕೊಂಡರು, ಎಂ-ಎಕ್ಸ್‌ಪ್ರೆಶನ್ ಬಳಕೆಗೆ ಬರಲೇ ಇಲ್ಲ. ಕೋಡೇ ಡೇಟಾ ಆದಾಗ ಕೋಡ್ ಬರೆಯುವ ಕೋಡ್ ಬರೆಯುವುದು ಸುಲಭ. ಆ ಲಾಭಕ್ಕಾಗಿ ಅವರು ಬ್ರಾಕೆಟ್‌ಗಳನ್ನು ಒಪ್ಪಿಕೊಂಡರು. ಮರದ ಆಕಾರದ ಬರವಣಿಗೆ ಮನುಷ್ಯರಿಗೆ ಒಗ್ಗುವುದೇ ಇಲ್ಲ ಅನ್ನಲು ಹಾಗಾಗಿ ನನಗೆ ಧೈರ್ಯ ಸಾಲದು. ಆದರೆ ಲಿಸ್ಪ್‌ನಲ್ಲಿ ಮುಚ್ಚಲು ಒಂದು ಚಿಹ್ನೆ ಸಾಕು. ಎಕ್ಸ್‌ಎಂಎಲ್‌ನಲ್ಲಿ ತೆರೆದ ಹೆಸರನ್ನು ಮತ್ತೆ ಪೂರ್ತಿ ಬರೆಯಬೇಕು. ನೂರು ಪುಟದ ದಾಖಲೆಯಲ್ಲಿ ಅಧ್ಯಾಯ ಎಲ್ಲಿ ಮುಗಿಯಿತು ಅಂತ ತಿಳಿಯಲು ಅದು ಬೇಕು. ಎರಡು ಸಂಖ್ಯೆ ಕೂಡಲು ಬೇಡ.

ಪಠ್ಯವೇ ಮುಖ್ಯ, ಲಾಜಿಕ್ ಅಲ್ಲಲ್ಲಿ ಅನ್ನುವ ಕಡೆ ಮಾರ್ಕಪ್ ತಾನಾಗೇ ಗೆಲ್ಲುತ್ತದೆ. ತೂಕದ ಚೀಟಿ ಪ್ರಿಂಟ್ ಮಾಡುವ ಪುಟ ಬರೆಯುವಾಗ ಚೀಟಿ ಹೇಗೆ ಕಾಣುತ್ತದೆ ಅನ್ನುವುದು ಕಣ್ಣಿಗೆ ಬೀಳಬೇಕು. ಲಾರಿ ನಂಬರ್, ಒಟ್ಟು ತೂಕ, ಖಾಲಿ ತೂಕ, 75 ಕೆಜಿ ಲೆಕ್ಕದಲ್ಲಿ ಎಷ್ಟು ಚೀಲ. ಅದನ್ನು ಫಂಕ್ಷನ್ ಮೇಲೆ ಫಂಕ್ಷನ್ ಕರೆದು ಕಟ್ಟಿದರೆ ಚೀಟಿಯ ಆಕಾರವೇ ಕಾಣುವುದಿಲ್ಲ. 2013ರಲ್ಲಿ ವೆಬ್ ಪುಟ ಕಟ್ಟುವ ರಿಯಾಕ್ಟ್ ಅನ್ನುವ ಸಾಧನದ ಜೊತೆ ಬಂದ ಜೆಎಸ್‌ಎಕ್ಸ್ ಜಾವಾಸ್ಕ್ರಿಪ್ಟ್ ಒಳಗೇ ಟ್ಯಾಗ್ ಬರೆಯಲು ಬಿಟ್ಟಿತು. ಶುರುವಿನಲ್ಲಿ ಅನೇಕರು ಮೂಗು ಮುರಿದರು, ಈಗ ಅದು ಎಲ್ಲೆಡೆ ಇದೆ. ಅಲ್ಲಿ ಲೆಕ್ಕ ಜಾವಾಸ್ಕ್ರಿಪ್ಟ್‌ನಲ್ಲಿ, ಪುಟದ ಆಕಾರ ಟ್ಯಾಗ್‌ನಲ್ಲಿ. ಆಂಡ್ರಾಯ್ಡ್ ಮಾತ್ರ ಉಲ್ಟಾ ನಡೆಯಿತು. ವರ್ಷಗಟ್ಟಲೆ ಪರದೆಯ ವಿನ್ಯಾಸ ಎಕ್ಸ್‌ಎಂಎಲ್ ಫೈಲಲ್ಲಿ, ಲಾಜಿಕ್ ಬೇರೆ ಫೈಲಲ್ಲಿ ಇತ್ತು. 2021ರಲ್ಲಿ ಜೆಟ್‌ಪ್ಯಾಕ್ ಕಂಪೋಸ್ 1.0 ಬಂದು ಎರಡನ್ನೂ ಕಾಟ್ಲಿನ್ ಭಾಷೆಯ ಕೋಡ್‌ಗೆ ತಂದಿತು. ರಿಯಾಕ್ಟ್ ಟ್ಯಾಗ್ ತಂದಿತು, ಆಂಡ್ರಾಯ್ಡ್ ಟ್ಯಾಗ್ ತೆಗೆಯಿತು. ಆದರೂ ಇಬ್ಬರೂ ಹುಡುಕಿದ್ದು ಒಂದನ್ನೇ ಅನ್ನಿಸುತ್ತದೆ ನನಗೆ. ಒಟ್ಟಿಗೆ ಬದಲಾಗುವ ವಿಷಯ ಒಟ್ಟಿಗೆ ಕಣ್ಣೆದುರು ಇರಬೇಕು.

ಈಗ ಕನ್ನಡದ ಮಾತು. ಸಾದಾ ಪಠ್ಯವನ್ನು ಇಷ್ಟು ಹೊಗಳಿದ ಮೇಲೆ ಅದು ನಮ್ಮ ಕೈಬಿಟ್ಟ ಕಾಲವನ್ನೂ ಹೇಳಬೇಕು. ನುಡಿ, ಬರಹದ ಹಳೆಯ ಫಾಂಟ್‌ಗಳ ದಿನಗಳಲ್ಲಿ ಬರೆದ ಪ್ರೋಗ್ರಾಂಗಳು ಇನ್ನೂ ನಮ್ಮ ಕಡೆ ಅಲ್ಲಲ್ಲಿ ಓಡುತ್ತಿವೆ. ಅವುಗಳ ಕೋಡ್ ತೆರೆದರೆ ಕನ್ನಡದ ಜಾಗದಲ್ಲಿ ಇಂಗ್ಲಿಷ್ ಅಕ್ಷರ, ಕೊಂಬು ಬಂದ ಯುರೋಪಿನ ಅಕ್ಷರ, ಚಿಹ್ನೆಗಳ ಗೊಂದಲ. ಆ ಫಾಂಟ್ ಹಾಕಿದರೆ ಮಾತ್ರ ಅದು 'ಒಟ್ಟು ತೂಕ' ಆಗುತ್ತದೆ. ಆದರೆ ಫಾಂಟ್ ಹಾಕಿದ ಕೂಡಲೇ ಸುತ್ತಲಿನ ಕೋಡ್ ಕನ್ನಡದ ಚೂರುಗಳಾಗಿ ಒಡೆಯುತ್ತದೆ. 'ಈ ಇಷ್ಟು ಭಾಗಕ್ಕೆ ನುಡಿ ಫಾಂಟ್' ಅಂತ ಹೇಳಲು ಸಾದಾ ಪಠ್ಯದಲ್ಲಿ ಜಾಗವೇ ಇಲ್ಲ. ವರ್ಡ್ ಫೈಲಿಗೆ ಆ ಶಕ್ತಿ ಇತ್ತು, ಎಚ್‌ಟಿಎಂಎಲ್‌ಗೂ ಇತ್ತು. ಕೋಡ್‌ಗೆ ಇರಲಿಲ್ಲ. ಆಗ ಮಾರ್ಕಪ್ ನಿಜವಾಗಿಯೂ ಬೇಕಿತ್ತು.

ಯುನಿಕೋಡ್ ಈ ಗಂಟನ್ನು ಬಿಡಿಸಿದ ರೀತಿ ನನಗೆ ಇವತ್ತಿಗೂ ಇಷ್ಟ. ಫಾಂಟ್ ಹೇಳಬೇಕಿದ್ದದ್ದನ್ನು ಅಕ್ಷರವೇ ಹೇಳುವಂತೆ ಮಾಡಿತು. ಕ ಅಂದರೆ ಯಾವ ಫಾಂಟ್‌ನಲ್ಲೂ ಕ. 2001ರ ವಿಂಡೋಸ್ ಎಕ್ಸ್‌ಪಿ ಜೊತೆ ತುಂಗಾ ಫಾಂಟ್ ಬಂದಮೇಲೆ ಸಾಮಾನ್ಯ ಕಂಪ್ಯೂಟರ್‌ನಲ್ಲಿ ಅದು ಕಾಣಲು ಶುರುವಾಯಿತು. ಹೊರಗಿನಿಂದ ಗುರುತು ಹಾಕುವ ಬದಲು ಒಳಗಿನ ಅಕ್ಷರವನ್ನೇ ಸರಿಮಾಡಿದರೆ ಸಾದಾ ಪಠ್ಯ ಎಷ್ಟು ಹೊರಬಲ್ಲದು ಅನ್ನುವುದಕ್ಕೆ ಕನ್ನಡಕ್ಕಿಂತ ಒಳ್ಳೆ ಉದಾಹರಣೆ ನನಗೆ ಗೊತ್ತಿಲ್ಲ.

ಆದರೂ ಗೆರೆ ಪೂರ್ತಿ ಅಳಿಸಿಲ್ಲ. ಪೈಥಾನ್ ಭಾಷೆಯ ಮೂರನೇ ಆವೃತ್ತಿ ಬಂದಾಗಿನಿಂದ, ಅಂದರೆ 2008ರಿಂದ, ಹೆಸರುಗಳನ್ನು ಕನ್ನಡದಲ್ಲಿ ಇಡಬಹುದು. 'ತೂಕ', 'ತೇವ', 'ದರ' ಎಲ್ಲ ನಡೆಯುತ್ತವೆ. ಒಬ್ಬ ಹುಡುಗಿ 'ಸ್ಟಾಕ್‌ಮೌಲ್ಯ' ಅಂತ ಬರೆದಳು. ಪೈಥಾನ್ ಒಪ್ಪಲಿಲ್ಲ. ನೋಡಲು ಏನೂ ತಪ್ಪಿಲ್ಲ. ಕ್ ಮತ್ತು ಮೌ ಒತ್ತಕ್ಷರ ಆಗಬಾರದು ಅಂತ ನಾವು ನಡುವೆ ಒತ್ತುವ, ಕಣ್ಣಿಗೆ ಕಾಣದ ಒಂದು ಚಿಹ್ನೆ ಇದೆ, ಯುನಿಕೋಡ್‌ನಲ್ಲಿ ಯು+200ಸಿ. ಪೈಥಾನ್ ಹೆಸರಿನೊಳಗೆ ಅದಕ್ಕೆ ಪ್ರವೇಶವಿಲ್ಲ. ಜಾವಾಸ್ಕ್ರಿಪ್ಟ್ ಬಿಟ್ಟುಕೊಳ್ಳುತ್ತದೆ. ಎಕ್ಸ್‌ಎಂಎಲ್ 1.0ರ ಐದನೇ ಆವೃತ್ತಿಯೂ ಟ್ಯಾಗ್ ಹೆಸರಲ್ಲಿ ಬಿಟ್ಟುಕೊಳ್ಳುತ್ತದೆ. ಆ ಹುಡುಗಿಗೆ ನಾನು 'ಸ್ಟಾಕ್_ಮೌಲ್ಯ' ಅಂತ ಬರೆಯಲು ಹೇಳಿದೆ. ಕೆಲಸ ಆಯಿತು. ಆದರೆ ಅವಳು ಬರೆದದ್ದು ಸರಿಯಾದ ಕನ್ನಡವೇ ಆಗಿತ್ತು ಅನ್ನುವುದನ್ನೂ ಹೇಳಿದೆ, ಅದನ್ನು ಹೇಳಲೇಬೇಕು.

ನನ್ನ ಮಟ್ಟಿಗೆ ಮಾರ್ಕಪ್‌ನ ಅತಿ ದೊಡ್ಡ ಲಾಭ ಇರುವುದು ಈ ಮಕ್ಕಳ ಬಳಿಯೇ. ಹತ್ತನೇ ತರಗತಿಯವರೆಗೆ ಎಲ್ಲವನ್ನೂ ಕನ್ನಡದಲ್ಲಿ ಕಲಿತವರಿಗೆ ಕೋಡ್ ಒಂದು ಹೊಸ ವಿಷಯ, ಅದರ ವಿವರಣೆಯ ಇಂಗ್ಲಿಷ್ ಇನ್ನೊಂದು ಹೊರೆ. ಲೂಪ್ ಅರ್ಥವಾಗಲಿಲ್ಲವೋ, ವಾಕ್ಯ ಅರ್ಥವಾಗಲಿಲ್ಲವೋ ಅಂತ ಅವರಿಗೇ ಗೊತ್ತಾಗುವುದಿಲ್ಲ. ಕೋಡ್‌ನ ಪಕ್ಕದಲ್ಲೇ ಕನ್ನಡದಲ್ಲಿ ಎರಡು ಪ್ಯಾರಾ ವಿವರಣೆ, ಒಂದು ಚಿತ್ರ, ಒಂದು ಲೆಕ್ಕದ ಕೋಷ್ಟಕ ಇದ್ದರೆ ಮುಖ ಅರಳುತ್ತದೆ. # ಹಾಕಿದ ಕಾಮೆಂಟ್ ಸಾಲುಗಳಲ್ಲಿ ಅದನ್ನೆಲ್ಲ ತುರುಕಲು ಆಗುವುದಿಲ್ಲ.

ಡೊನಾಲ್ಡ್ ಕ್ನೂತ್ 1984ರಲ್ಲಿ ಹೇಳಿದ್ದು ಇದನ್ನೇ. ಪ್ರೋಗ್ರಾಂ ಅನ್ನುವುದು ಮನುಷ್ಯರಿಗಾಗಿ ಬರೆದ ಲೇಖನ ಆಗಿರಲಿ, ಅದರ ನಡುವೆ ಕೋಡ್ ಬರಲಿ. ಅವರ ವೆಬ್ ಅನ್ನುವ ವ್ಯವಸ್ಥೆಯಲ್ಲಿ (ಇಂಟರ್‌ನೆಟ್‌ನ ವೆಬ್‌ಗೂ ಇದಕ್ಕೂ ಸಂಬಂಧವಿಲ್ಲ) ಒಂದೇ ಫೈಲಿನಿಂದ ಟ್ಯಾಂಗಲ್ ಅನ್ನುವ ಪ್ರೋಗ್ರಾಂ ಕಂಪೈಲರ್‌ಗೆ ಬೇಕಾದ ಕೋಡ್ ತೆಗೆಯುತ್ತದೆ, ವೀವ್ ಅನ್ನುವುದು ಓದುಗರಿಗೆ ಬೇಕಾದ ಪುಟ ಮಾಡುತ್ತದೆ. ಟೆಕ್ ಅನ್ನುವ ಅಚ್ಚು ಜೋಡಣೆಯ ಪ್ರೋಗ್ರಾಮನ್ನು ಅವರು ಹಾಗೇ ಬರೆದರು. ಆ ವಿಧಾನ ದೊಡ್ಡ ತಂಡಗಳಲ್ಲಿ ಹೆಚ್ಚು ಹರಡಲಿಲ್ಲ. ಒಳ್ಳೆ ಪ್ರೋಗ್ರಾಮರೂ ಒಳ್ಳೆ ಬರಹಗಾರರೂ ಒಬ್ಬರೇ ಆಗಿರಬೇಕು ಅನ್ನುವುದು ದೊಡ್ಡ ಬೇಡಿಕೆಯೇ. ಆದರೆ ಕಲಿಸುವವನಿಗೆ ಅದು ಹೇಗೂ ಇರುವ ಕೆಲಸ.

ಇವತ್ತು ಆ ಜಾಗದಲ್ಲಿ ಜುಪಿಟರ್ ನೋಟ್‌ಬುಕ್ ಇದೆ, ವಿವರಣೆ, ಕೋಡ್, ಉತ್ತರ ಎಲ್ಲ ಒಂದೇ ಪುಟದಲ್ಲಿ. ಮೊದಲ ವಾರಕ್ಕೆ ಅದಕ್ಕಿಂತ ಒಳ್ಳೆಯದು ಇಲ್ಲ. ಆದರೆ ಆ ಫೈಲ್ ಒಳಗೆ ಇರುವುದು ಜೇಸನ್ ಅನ್ನುವ ಡೇಟಾ ರೂಪ. ಕೋಡ್‌ನ ಒಂದೊಂದು ಸಾಲೂ ಕೋಟ್‌ಗಳ ನಡುವೆ, ಉತ್ತರಗಳೂ ಅದೇ ಫೈಲಿನಲ್ಲಿ, ಚಿತ್ರ ಇದ್ದರೆ ಅರ್ಥವಿಲ್ಲದ ಅಕ್ಷರಗಳ ಉದ್ದ ಸಾಲಾಗಿ. ಒಬ್ಬರು ಒಂದು ಸಂಖ್ಯೆ ತಿದ್ದಿ ನಡೆಸಿದರೆ ಡಿಫ್‌ನಲ್ಲಿ ಪುಟಗಟ್ಟಲೆ ಬದಲಾವಣೆ. ಕೆಳಗಿನ ಭಾಗವನ್ನು ಮೊದಲು ನಡೆಸಿ ಮೇಲಿನದನ್ನು ಆಮೇಲೆ ನಡೆಸಬಹುದು. ಆಗ ಕಣ್ಣಿಗೆ ಕಾಣುವ ಕೋಡ್ ಒಂದು, ಮೆಮೊರಿಯಲ್ಲಿ ಇರುವುದು ಇನ್ನೊಂದು. ಹೊಸದಾಗಿ ಕಲಿಯುವವರಿಗೆ ಇದು ತುಂಬ ಗೊಂದಲ.

ಹಾಗಾಗಿ ನನ್ನ ಪಾಠಗಳನ್ನು ನಾನು ಮಾರ್ಕ್‌ಡೌನ್‌ನಲ್ಲಿ ಇಡುತ್ತೇನೆ. 2004ರಲ್ಲಿ ಜಾನ್ ಗ್ರೂಬರ್ ಅದನ್ನು ಪ್ರಕಟಿಸಿದಾಗಲೇ ಗುರಿ ಸ್ಪಷ್ಟವಿತ್ತು. ಗುರುತುಗಳು ಇದ್ದಂತೆಯೇ ಓದಲು ಬರಬೇಕು. ಕೋಡ್ ಭಾಗವನ್ನು ಮೂರು ಮೂರು ಬ್ಯಾಕ್‌ಟಿಕ್ (` ಚಿಹ್ನೆ) ನಡುವೆ ಇಟ್ಟರೆ ಒಳಗೆ ಯಾವ ಚಿಹ್ನೆಯನ್ನೂ ಬಿಡಿಸಿ ಬರೆಯಬೇಕಿಲ್ಲ. < ಅಂದರೆ <, & ಅಂದರೆ &. ಆ ಬೇಲಿಯ ಹೊರಗೆ ಬರೆದರೆ ಮಾತ್ರ ತೊಂದರೆ. ಪೈಥಾನ್‌ನ __ಆರಂಭ__ ಥರದ ಹೆಸರು ದಪ್ಪ ಅಕ್ಷರವಾಗಿ, ಅಂಡರ್‌ಸ್ಕೋರ್‌ಗಳು ಮಾಯವಾಗುತ್ತವೆ. ಡಿಫ್ ಸಾಲು ಸಾಲಾಗಿ ಸರಿಯಾಗಿ ಬರುತ್ತದೆ. ಕರೆಂಟ್ ಹೋಗಿ ಹಳೇ ಮೊಬೈಲಿನಲ್ಲಿ ತೆರೆದರೂ ಪಾಠ ಪಾಠವಾಗಿಯೇ ಕಾಣುತ್ತದೆ.

ಒಂದು ಕಷ್ಟ ಬಾಕಿ ಇತ್ತು. ಪಾಠದ ಫೈಲಿನಿಂದ ಕೋಡ್ ಮಾತ್ರ ಹೊರತೆಗೆದು ನಡೆಸುವ ಒಂದು ಚಿಕ್ಕ ಸ್ಕ್ರಿಪ್ಟ್ ಇದೆ. ತಪ್ಪು ಬಂದರೆ ಪೈಥಾನ್ '14ನೇ ಸಾಲಿನಲ್ಲಿ ತಪ್ಪು' ಅನ್ನುತ್ತದೆ. ಅದು ಹೊರತೆಗೆದ ಫೈಲಿನ 14ನೇ ಸಾಲು. ವಿದ್ಯಾರ್ಥಿ ನೋಡುತ್ತಿರುವ ಪಾಠದಲ್ಲಿ ಅದು 60ನೆಯದೋ 70ನೆಯದೋ. ಸಿ ಭಾಷೆಯಲ್ಲಿ 'ಇದು ಮೂಲ ಫೈಲಿನ ಇಷ್ಟನೇ ಸಾಲು' ಅಂತ ಕಂಪೈಲರ್‌ಗೆ ಹೇಳುವ ಒಂದು ನಿರ್ದೇಶನವೇ ಇದೆ, ಪೈಥಾನ್‌ನಲ್ಲಿ ಇಲ್ಲ. ಹಾಗಾಗಿ ಕೋಡ್ ಹೊರತೆಗೆಯುವಾಗ ಕನ್ನಡ ವಿವರಣೆ ಇದ್ದ ಪ್ರತಿ ಸಾಲಿನ ಜಾಗದಲ್ಲೂ ಒಂದು ಖಾಲಿ ಸಾಲು ಬಿಡುತ್ತೇನೆ. ಪೈಥಾನ್‌ಗೆ ಖಾಲಿ ಸಾಲಿನಿಂದ ಏನೂ ಬಾಧೆ ಇಲ್ಲ. ಎರಡೂ ಫೈಲಿನಲ್ಲಿ ಸಾಲಿನ ಸಂಖ್ಯೆ ಒಂದೇ ಆಗುತ್ತದೆ. ತಪ್ಪು 68ನೇ ಸಾಲಿನಲ್ಲಿದೆ ಅಂದರೆ ಹುಡುಗರು ಪಾಠದ 68ನೇ ಸಾಲಿಗೇ ಹೋಗುತ್ತಾರೆ, ಅದರ ಮೇಲಿನ ಕನ್ನಡ ಪ್ಯಾರಾವನ್ನು ಮತ್ತೊಮ್ಮೆ ಓದುತ್ತಾರೆ, ಆಮೇಲೆ ತಿದ್ದುತ್ತಾರೆ.